ಳ ಹುಟ್ಟುವ ಜಾಗ ಹುಡುಕುತ್ತಾ: ನಾಲಿಗೆಗೆ ಇದ್ದಿಲು ಬಳಿಸಿಕೊಂಡ ಅನುಭವ

ಕನ್ನಡ ಬಾರದವರಿಗೆ ಕನ್ನಡ ಕಲಿಸುವವರೆಲ್ಲ ಒಂದಲ್ಲ ಒಂದು ದಿನ ಳ ಅಕ್ಷರದ ಮುಂದೆ ನಿಲ್ಲಲೇಬೇಕು. ಬೆಂಗಳೂರಿನಲ್ಲಿ ನಾನು ನಡೆಸುವ ಸಂಜೆ ತರಗತಿಗೆ ಬರುವವರು ಹೆಚ್ಚಾಗಿ ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದವರು. ಮರಾಠಿ, ಒಡಿಯಾ, ಪಂಜಾಬಿ ಮನೆಮಾತಿನವರಿಗೆ ಳ ಸಲೀಸು. ಅವರ ಭಾಷೆಯಲ್ಲೇ ಅದು ಇದೆ. ಹಿಂದಿ, ಬಂಗಾಳಿ ಮಾತಾಡುವವರಿಗೆ ಹಾಗಲ್ಲ. ಅವರ ಬಾಯಲ್ಲಿ ಹಳ್ಳಿ ಹಲ್ಲಿಯಾಗುತ್ತದೆ, ಬೆಳೆ ಬೆಲೆಯಾಗುತ್ತದೆ, ಹೇಳಿ ಎನ್ನುವುದು ಹೇಲಿ ಆಗುತ್ತದೆ. 'ಮೇಡಂ, ನಾಲಿಗೆ ಎಲ್ಲಿ ಇಡಬೇಕು?' ಎಂದು ಕೇಳುತ್ತಾರೆ. ನಾಲಿಗೆ ಮೇಲಕ್ಕೆ ಮಡಿಸಿ ಎನ್ನುತ್ತೇವೆ. ಎಷ್ಟು ಮೇಲಕ್ಕೆ? ನಾಲಿಗೆಯ ಯಾವ ಭಾಗ? ತಾಗಿದ ಮೇಲೆ ಏನು ಮಾಡಬೇಕು? ಹುಟ್ಟಿನಿಂದ ಕನ್ನಡ ಆಡಿದವರಿಗೆ ಇದಕ್ಕೆ ಉತ್ತರ ಹೇಳುವುದು ಕಷ್ಟ. ನಾಲಿಗೆ ತನ್ನ ಪಾಡಿಗೆ ತಾನು ಕೆಲಸ ಮಾಡಿಬಿಡುತ್ತದೆ, ನಮಗೆ ಸುದ್ದಿಯೇ ಬರುವುದಿಲ್ಲ.

ಈ ಪ್ರಶ್ನೆಗೆ ಸರಿಯಾದ ಉತ್ತರ ಬೇಕು ಅನ್ನಿಸಿ ಬೇಸಿಗೆ ರಜೆಯಲ್ಲಿ ನಡೆದ ಒಂದು ಧ್ವನಿಶಾಸ್ತ್ರದ ಕಮ್ಮಟಕ್ಕೆ ಸೇರಿದೆ. ಭಾಷಾಶಾಸ್ತ್ರ ಓದುವ ಹುಡುಗ ಹುಡುಗಿಯರು, ಮಾತಿನ ತೊಂದರೆ ಇರುವ ಮಕ್ಕಳಿಗೆ ತರಬೇತಿ ಕೊಡುವವರು, ನನ್ನಂಥ ಒಂದಿಬ್ಬರು ಟೀಚರುಗಳು ಇದ್ದೆವು. ಕಲಿಸಿದವರು ಹಿರಿಯ ಮೇಷ್ಟ್ರು. ಮೊದಲ ದಿನ ಪುಸ್ತಕ ತೆಗೆಯಲೇ ಇಲ್ಲ. ಬೋರ್ಡಿನ ಮೇಲೆ ಐದು ಪದ ಬರೆದರು: ಅಕ್ಕ, ಅಚ್ಚ, ಅಟ್ಟ, ಅತ್ತ, ಅಪ್ಪ. ಐದು ವರ್ಗಕ್ಕೆ ಐದು ಪದ. ಎಲ್ಲದರಲ್ಲೂ ಹಿಂದೆ ಮುಂದೆ ಅ, ನಡುವೆ ಒಂದೇ ಒಂದು ವ್ಯಂಜನ. 'ಇದನ್ನು ಹೇಳಿ, ಆದರೆ ಸದ್ದು ಬರಬಾರದು' ಎಂದರು.

ಸದ್ದಿಲ್ಲದೆ ಹೇಳುವುದು ಯಾಕೆಂದರೆ, ಸದ್ದು ಬಂದರೆ ಗಮನವೆಲ್ಲ ಕಿವಿಯ ಕಡೆ ಹೋಗಿಬಿಡುತ್ತದೆ. ಸದ್ದು ನಿಲ್ಲಿಸಿದರೆ ಬಾಯೊಳಗಿನ ಸ್ಪರ್ಶ ಮಾತ್ರ ಉಳಿಯುತ್ತದೆ. ನೀವೂ ಮಾಡಿ ನೋಡಿ. ಅಪ್ಪ ಎನ್ನುವಾಗ ತುಟಿ ಮುಚ್ಚಿದಲ್ಲೇ ನಿಲ್ಲಿ. ನಾಲಿಗೆಗೆ ಏನೂ ಕೆಲಸವಿಲ್ಲ, ಸುಮ್ನೆ ಮಲಗಿರುತ್ತದೆ. ಅತ್ತ ಎನ್ನುವಾಗ ನಡುವೆ ನಿಲ್ಲಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ಒತ್ತಿಕೊಂಡಿರುತ್ತದೆ. ಅಟ್ಟ ಎನ್ನುವಾಗ ತುದಿ ಹಲ್ಲು ಬಿಟ್ಟು ಹಿಂದಕ್ಕೆ ಹೋಗಿ ಅಂಗುಳಕ್ಕೆ ತಾಗುತ್ತದೆ. ಅಚ್ಚದಲ್ಲಿ ತುದಿ ಕೆಳಗೇ ಇದ್ದು, ಅದರ ಹಿಂದಿನ ಅಗಲವಾದ ಭಾಗ ಮೇಲೇಳುತ್ತದೆ. ಅಕ್ಕದಲ್ಲಿ ನಾಲಿಗೆಯ ಹಿಂಭಾಗ ಉಬ್ಬಿ, ಅಂಗುಳ ಮೆತ್ತಗಾಗುವ ಜಾಗಕ್ಕೆ ಹೋಗಿ ಕೂರುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಶಾಲೆಯಲ್ಲಿ ಕವರ್ಗವನ್ನು ಕಂಠ್ಯ ಎಂದು ಬಾಯಿಪಾಠ ಮಾಡಿರುತ್ತೇವೆ. ಮಕ್ಕಳಿಗೆ ಕಂಠ ಎಂದರೆ ಗಂಟಲು. ಆದರೆ ಕ ಹೇಳುವಾಗ ಗಂಟಲಲ್ಲಿ ಏನೂ ಮುಚ್ಚುವುದಿಲ್ಲ. ಮುಚ್ಚುವುದು ಮೆತ್ತನೆಯ ಅಂಗುಳದ ಹತ್ತಿರ. ಅದೂ ಒಂದೇ ಜಾಗದಲ್ಲಿ ಅಲ್ಲ: ಕಿ ಎನ್ನುವಾಗ ನಾಲಿಗೆ ಮುಂದಕ್ಕೆ ಬಂದು ಗಟ್ಟಿ ಅಂಗುಳದ ಅಂಚಿಗೆ ತಾಗುತ್ತದೆ, ಕೂ ಎನ್ನುವಾಗ ಹಿಂದಕ್ಕೆ ಸರಿಯುತ್ತದೆ. ಸದ್ದಿಲ್ಲದೆ ಕಿ, ಕೂ, ಕಿ, ಕೂ ಎಂದರೆ ಈ ಓಡಾಟ ಚೆನ್ನಾಗಿ ತಿಳಿಯುತ್ತದೆ. ಶಾಲೆಯಲ್ಲಿ ಇಷ್ಟನ್ನು ಮಾಡಿಸಿದರೆ ಸಾಕು, ಉಳಿದ ಬಾಯಿಪಾಠ ತಾನಾಗಿ ಬರುತ್ತದೆ.

ಸೊನ್ನೆಯ ಪಾಠ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಂಬು, ಅಂತ, ಅಂಟು, ಅಂಚೆ, ಅಂಗಡಿ. ಬರೆಯುವಾಗ ಎಲ್ಲದಕ್ಕೂ ಒಂದೇ ಸೊನ್ನೆ. ಆದರೆ ಸೊನ್ನೆಯ ಹತ್ತಿರ ಬಂದಾಗ ತಡೆದು ನಿಂತು ನೋಡಿ. ಅಂಬುವಿನಲ್ಲಿ ತುಟಿ ಮುಚ್ಚಿದೆ. ಅಂತ ಎನ್ನುವಾಗ ನಾಲಿಗೆ ಹಲ್ಲಿನಲ್ಲಿದೆ. ಅಂಟು ಎನ್ನುವಾಗ ಆಗಲೇ ಮಡಿಸಿಕೊಂಡಾಗಿದೆ. ಅಂಗಡಿಯಲ್ಲಿ ನಾಲಿಗೆಯ ಹಿಂಭಾಗ ಎದ್ದಿದೆ. ಮುಂದೆ ಬರುವ ಅಕ್ಷರದ ಜಾಗಕ್ಕೆ ನಾಲಿಗೆ ಮೊದಲೇ ಹೋಗಿ ಕಾಯುತ್ತಿರುತ್ತದೆ. ಙ, ಞ ಎಲ್ಲೂ ಬಳಕೆಯಲ್ಲಿ ಇಲ್ಲ ಎನ್ನುತ್ತಾರಲ್ಲ, ಅವೆರಡೂ ದಿನಕ್ಕೆ ನೂರು ಸಲ ನಮ್ಮ ಬಾಯಲ್ಲಿ ಬಂದು ಹೋಗುತ್ತವೆ, ಸೊನ್ನೆಯ ಒಳಗೆ.

ಇನ್ನೊಂದು ಉಪಾಯ ತಣ್ಣನೆಯ ಗಾಳಿಯದು. ಲ ಎಂದು ಶುರುಮಾಡಿ, ನಾಲಿಗೆ ಅಲುಗಿಸದೆ, ಬಾಯಿಂದ ಜೋರಾಗಿ ಉಸಿರು ಒಳಗೆ ಎಳೆಯಬೇಕು. ಗಾಳಿ ಹೋದ ದಾರಿಯಲ್ಲಿ ತಣ್ಣಗಾಗುತ್ತದೆ. ಲ ಹೇಳುವಾಗ ತಣ್ಣಗಾಗುವುದು ನಾಲಿಗೆಯ ಪಕ್ಕಗಳು, ನಡುಭಾಗ ಅಲ್ಲ. ಮುಂದೆ ಮುಚ್ಚಿ ಪಕ್ಕದಲ್ಲಿ ಬಿಡುವುದೇ ಲಕಾರದ ಗುಟ್ಟು. ಸ ಹಿಡಿದು ಎಳೆದರೆ ಹಲ್ಲಿನ ಹಿಂದೆ ತಣ್ಣಗಾಗುತ್ತದೆ. ಶ ಹಿಡಿದರೆ ಅದಕ್ಕಿಂತ ಹಿಂದೆ. ತ, ಟ, ಕ ಹಿಡಿದರೆ ಗಾಳಿ ಹೋಗುವುದೇ ಇಲ್ಲ, ಯಾಕೆಂದರೆ ದಾರಿ ಪೂರ್ತಿ ಮುಚ್ಚಿದೆ.

ಇಷ್ಟೆಲ್ಲ ಆದ ಮೇಲೆ ಮೇಷ್ಟ್ರು ಒಂದು ವಿಷಯ ಹೇಳಿದರು. ನನ್ನ ಪ್ರಶ್ನೆಗೆ ಬೀಗದ ಕೈ ಸಿಕ್ಕಿದ್ದು ಅಲ್ಲೇ. ವ್ಯಂಜನದ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದಲ್ಲ, ಎರಡು. ಎಲ್ಲಿ ತಾಗುತ್ತದೆ ಎನ್ನುವುದು ಒಂದು. ಯಾವುದು ಹೋಗಿ ತಾಗುತ್ತದೆ ಎನ್ನುವುದು ಇನ್ನೊಂದು. ಹಲ್ಲು, ಹಲ್ಲಿನ ಹಿಂದಿನ ಉಬ್ಬು, ಗಟ್ಟಿ ಅಂಗುಳ, ಮೆತ್ತನೆ ಅಂಗುಳ ಇವೆಲ್ಲ ತಾಗಿಸಿಕೊಳ್ಳುವ ಜಾಗಗಳು. ನಾಲಿಗೆಯ ತುದಿ, ಅದರ ಹಿಂದಿನ ಅಲಗು, ತುದಿಯ ತಳಭಾಗ, ಹಿಂಭಾಗ ಇವು ಹೋಗಿ ತಾಗುವ ಭಾಗಗಳು. ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ವೇದದ ಉಚ್ಚಾರಣೆಗಾಗಿ ಹುಟ್ಟಿದ ಪ್ರಾತಿಶಾಖ್ಯಗಳೆಂಬ ಹಳೆಯ ಗ್ರಂಥಗಳಲ್ಲಿ ಜಾಗವನ್ನು ಸ್ಥಾನ ಎಂದೂ ತಾಗುವ ಭಾಗವನ್ನು ಕರಣ ಎಂದೂ ಬೇರೆಬೇರೆಯಾಗಿ ಹೇಳಿದ್ದಾರೆ. ತೈತ್ತಿರೀಯ ಪ್ರಾತಿಶಾಖ್ಯವಂತೂ ಟವರ್ಗಕ್ಕೆ ನಾಲಿಗೆಯ ತುದಿಯನ್ನು ಹಿಂದಕ್ಕೆ ಸುತ್ತಿ ಮೂರ್ಧಕ್ಕೆ, ಅಂದರೆ ಅಂಗುಳದ ಎತ್ತರದ ಭಾಗಕ್ಕೆ, ತಾಗಿಸಬೇಕು ಎಂದು ಬಿಡಿಸಿ ಹೇಳುತ್ತದೆ. ನಮ್ಮ ಶಾಲೆಯ ಪಾಠದಲ್ಲಿ ಸ್ಥಾನ ಉಳಿಯಿತು, ಕರಣ ಬಿಟ್ಟುಹೋಯಿತು. ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದುದು ಈ ಬಿಟ್ಟುಹೋದ ಅರ್ಧವನ್ನೇ ಅಲ್ವಾ?

ಎರಡೂ ಪ್ರಶ್ನೆಗೆ ಕಣ್ಣಾರೆ ಉತ್ತರ ನೋಡುವ ದಾರಿ ಇದೆ. ಪ್ಯಾಲಟೋಗ್ರಫಿ ಎನ್ನುತ್ತಾರೆ. ತೀರಾ ಹಳೆಯ ವಿಧಾನ. 1870ರ ದಶಕದ ಶುರುವಿನಲ್ಲೇ ಓಕ್ಲಿ ಕೋಲ್ಸ್ ಎಂಬ ಇಂಗ್ಲೆಂಡಿನ ದಂತವೈದ್ಯ ಅಂಗುಳಕ್ಕೆ ಹಿಟ್ಟು ಮತ್ತು ಅಂಟು ಬೆರೆಸಿ ಬಳಿದು, ನಾಲಿಗೆ ಎಲ್ಲಿ ಒರೆಸಿತು ಎಂದು ನೋಡಿದ್ದ. ಈಗ ಬಳಸುವುದು ಇದ್ದಿಲಿನ ಪುಡಿ ಮತ್ತು ಆಲಿವ್ ಎಣ್ಣೆ. ಇದ್ದಿಲು ಎಂದರೆ ಒಲೆಯದಲ್ಲ, ಔಷಧಿ ಅಂಗಡಿಯಲ್ಲಿ ಹೊಟ್ಟೆಗೆಂದು ಸಿಗುವಂಥದ್ದು. ಸ್ವಲ್ಪ ಹೊಟ್ಟೆಗೆ ಹೋದರೂ ತೊಂದರೆಯಿಲ್ಲ. ಎರಡನ್ನೂ ಸಮವಾಗಿ ಕಲಸಿದರೆ ಕಾಡಿಗೆಯಂಥ ಕಪ್ಪು ಲೇಪ ಆಗುತ್ತದೆ.

ನನ್ನ ಸರದಿ ಬಂತು. ಮೊದಲು ನಿಂಬೆರಸ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಆಮೇಲೆ ನಾಲಿಗೆ ಹೊರಗೆ ಚಾಚಿ ಕೂತೆ. ಒಬ್ಬ ಹುಡುಗಿ ಮೆತ್ತನೆಯ ಬ್ರಷ್‌ನಿಂದ ತುದಿಗೆ, ಎರಡೂ ಅಂಚಿಗೆ, ಸ್ವಲ್ಪ ಹಿಂದಿನವರೆಗೂ ಬಳಿದಳು. ಟ, ಳ ಹೇಳುವವರಿಗೆ ತುದಿಯ ತಳಕ್ಕೂ ಬಳಿಯಬೇಕು. ಬಳಿದ ಮೇಲೆ ಬಾಯಿ ಮುಚ್ಚುವಂತಿಲ್ಲ, ಎಂಜಲು ನುಂಗುವಂತಿಲ್ಲ. ನುಂಗಿದರೆ ನಾಲಿಗೆ ಇಡೀ ಅಂಗುಳಕ್ಕೆ ಮೆತ್ತಿಕೊಂಡು ಎಲ್ಲ ಕಪ್ಪಾಗಿಬಿಡುತ್ತದೆ. ಆ ಸ್ಥಿತಿಯಲ್ಲಿ ಒಂದೇ ಒಂದು ಸಲ ಪದ ಹೇಳಬೇಕು. ಹೇಳಿದ ಕೂಡಲೇ ಬಾಯಿ ಅಗಲವಾಗಿ ತೆರೆದು ಹಿಡಿಯಬೇಕು. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಉದ್ದನೆಯ ಕನ್ನಡಿಯನ್ನು ಓರೆಯಾಗಿ ಒಳಗೆ ಇಡುತ್ತಾರೆ. ಬೆಚ್ಚಗಿಲ್ಲದಿದ್ದರೆ ಉಸಿರಿಗೆ ಕನ್ನಡಿ ಮಬ್ಬಾಗುತ್ತದೆ. ಕನ್ನಡಿಯಲ್ಲಿ ಕಾಣುವ ಅಂಗುಳದ ಫೋಟೋ ತೆಗೆಯುತ್ತಾರೆ. ಕನ್ನಡಿಯ ತುದಿ ಹಿಂದಿನ ಹಲ್ಲಿನವರೆಗೂ ಹೋಗಬೇಕು, ಆಗ ವಾಂತಿ ಬಂದಂತಾಗುತ್ತದೆ. ಮೂಗಿನಲ್ಲಿ ನಿಧಾನ ಉಸಿರಾಡಿದರೆ ತಡೆದುಕೊಳ್ಳಬಹುದು.

ಪದ ಆರಿಸುವುದರಲ್ಲೂ ಎಚ್ಚರ ಬೇಕು. ಒಂದು ಪದದಲ್ಲಿ ನಾಲಿಗೆ ತಾಗುವ ವ್ಯಂಜನ ಒಂದೇ ಇರಬೇಕು, ಇಲ್ಲದಿದ್ದರೆ ಯಾವ ಗುರುತು ಯಾವುದರದು ಎಂದು ತಿಳಿಯುವುದಿಲ್ಲ. ಪ, ಬ, ಮ, ಹ ಜೊತೆಗಿದ್ದರೆ ಪರವಾಗಿಲ್ಲ. ಇ, ಈ ಬೇಡ, ಅವುಗಳಿಗೂ ನಾಲಿಗೆಯ ಅಂಚು ಮೇಲಿನ ದವಡೆಹಲ್ಲಿನ ಹತ್ತಿರ ತಾಗುತ್ತದೆ. ಹಾಗಾಗಿ ಅಕ್ಕ, ಅಚ್ಚ, ಅತ್ತ, ಅಟ್ಟ, ಅನ್ನ, ಅಣ್ಣ, ಬಲ್ಲ, ಹಳ್ಳ ಈ ಪದಗಳನ್ನು ಇಟ್ಟುಕೊಂಡೆವು. ಒಂದೊಂದು ಪದಕ್ಕೂ ಬಾಯಿ ತೊಳೆದು, ಮತ್ತೆ ಬಳಿದು, ಮತ್ತೆ ಹೇಳಬೇಕು. ತಾಳ್ಮೆ ಬೇಡುವ ಕೆಲಸ.

ಅತ್ತ ಎಂದಾಗ ನನ್ನ ಮೇಲಿನ ಹಲ್ಲಿನ ಹಿಂಬದಿಯೆಲ್ಲ ಕಪ್ಪು. ಅಲ್ಲಿಂದ ಎರಡೂ ಪಕ್ಕಕ್ಕೆ ಲಾಳದ ಆಕಾರದಲ್ಲಿ ಗುರುತು ಹೋಗಿತ್ತು. ನಡು ಅಂಗುಳ ಗುಲಾಬಿ ಬಣ್ಣದಲ್ಲೇ ಉಳಿದಿತ್ತು. ಅಟ್ಟದ ಚಿತ್ರ ಪೂರ್ತಿ ಬೇರೆ. ಹಲ್ಲು ಬಿಳುಪು, ಹಲ್ಲಿನ ಹಿಂದಿನ ಉಬ್ಬೂ ಬಹುಪಾಲು ಸ್ವಚ್ಛ. ಅದರ ಹಿಂದೆ, ಅಂಗುಳ ಕಮಾನಾಗಿ ಮೇಲೇರುವ ಕಡೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಅಚ್ಚದ ಪಟ್ಟಿ ಉಬ್ಬಿನ ಮೇಲೂ ಅದರ ಹಿಂದಕ್ಕೂ ಅಗಲವಾಗಿ ಹರಡಿತ್ತು. ಅಕ್ಕದ ಫೋಟೋದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ, ಯಾಕೆಂದರೆ ಅದು ತಾಗುವ ಜಾಗ ಕನ್ನಡಿಗೆ ಎಟುಕುವುದಿಲ್ಲ.

ಚ ಮತ್ತು ಟ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲರೂ ಬಗ್ಗಿ ನೋಡಿದೆವು. ವರ್ಣಮಾಲೆ ಕ, ಚ, ಟ, ತ, ಪ ಎಂದು ಹಿಂದಿನಿಂದ ಮುಂದಕ್ಕೆ ಬರುತ್ತದೆ ಎಂದೇ ಓದಿದ್ದೇವೆ. ಆ ಲೆಕ್ಕದಲ್ಲಿ ಚ ಟಗಿಂತ ಹಿಂದೆ ಇರಬೇಕು. ನನ್ನ ಅಂಗುಳದಲ್ಲಿ ಟ ಗುರುತು ಚ ಗುರುತಿಗಿಂತ ಹಿಂದೆ ಇತ್ತು! ಮೇಷ್ಟ್ರಿಗೆ ಇದು ಹೊಸದಲ್ಲ. ದ್ರಾವಿಡ ಭಾಷೆ ಮಾತಾಡುವವರಲ್ಲಿ ಟಕಾರಕ್ಕೆ ನಾಲಿಗೆ ಅಷ್ಟು ಹಿಂದಕ್ಕೆ ಹೋಗುವುದುಂಟು ಎಂದರು. ಜಾಗವನ್ನು ಮಾತ್ರ ನೋಡಿದರೆ ವರ್ಣಮಾಲೆಯ ಸಾಲು ಕದಡಿದಂತೆ ಕಾಣುತ್ತದೆ. ಯಾವ ಭಾಗ ತಾಗುತ್ತದೆ ಎಂದೂ ಸೇರಿಸಿ ನೋಡಿದರೆ ಸಾಲು ಮತ್ತೆ ಕೂಡಿಕೊಳ್ಳುತ್ತದೆ: ಕಕ್ಕೆ ನಾಲಿಗೆಯ ಹಿಂಭಾಗ, ಚಕ್ಕೆ ಅದರ ಮುಂದಿನ ಅಗಲ ಭಾಗ, ಟ ಮತ್ತು ತಗೆ ತುದಿ, ಪಕ್ಕೆ ತುಟಿ. ವರ್ಣಮಾಲೆಯನ್ನು ಜೋಡಿಸಿದವರ ಬಗ್ಗೆ ನನಗಿದ್ದ ಗೌರವ ಆವತ್ತು ಇನ್ನೂ ಜಾಸ್ತಿ ಆಯಿತು.

ಆಮೇಲೆ ತಿರುವುಮುರುವು ಮಾಡಿದೆವು. ಈ ಸಲ ಕಪ್ಪು ಅಂಗುಳಕ್ಕೆ, ನಾಲಿಗೆ ಸ್ವಚ್ಛ. ಅತ್ತ ಹೇಳಿ ನಾಲಿಗೆ ಚಾಚಿದರೆ ತುದಿಯ ಮೇಲ್ಭಾಗ ಕಪ್ಪಾಗಿತ್ತು. ಅಟ್ಟ ಹೇಳಿ ಚಾಚಿದರೆ ಮೇಲ್ಭಾಗದಲ್ಲಿ ಅಂಥದ್ದೇನೂ ಇಲ್ಲ. ತುದಿ ಎತ್ತಿ ತೋರಿಸಿ ಎಂದರು. ಎತ್ತಿದರೆ ಕೆಳಗೆ, ನಾಲಿಗೆಯ ತಳದಲ್ಲಿ, ತುದಿಗೆ ಹತ್ತಿಕೊಂಡೇ ಕಪ್ಪು ಅಚ್ಚು. ಹಳ್ಳಕ್ಕೂ ಅಣ್ಣಕ್ಕೂ ಹಾಗೇ. ನಾನು ಟ, ಣ, ಳ ಹೇಳುವುದು ನಾಲಿಗೆಯ ತಳದಿಂದ. 'ಮೇಲಕ್ಕೆ ಮಡಿಸಿ' ಎಂಬ ಮಾತಿಗೆ ಅರ್ಥ ಬಂದಿದ್ದು ಆಗ.

ಈ ಚಿತ್ರಗಳಿಗೂ ಮಿತಿ ಇದೆ. ನಾಲಿಗೆ ತಾಗಿದ ಎಲ್ಲ ಜಾಗವೂ ಒಟ್ಟಿಗೆ ಮೂಡುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯುವುದಿಲ್ಲ. ಅಟ್ಟದಲ್ಲಿ ನಾಲಿಗೆ ಹಿಂದೆ ತಾಗಿ, ಬಿಡುವಷ್ಟರಲ್ಲಿ ಮುಂದಕ್ಕೆ ಜಾರಿರುತ್ತದೆ, ಪಟ್ಟಿ ದಪ್ಪ ಕಾಣುವುದಕ್ಕೆ ಅದೂ ಕಾರಣ. ಕಾಲವನ್ನೂ ಹಿಡಿಯಬೇಕೆಂದರೆ ಎಲೆಕ್ಟ್ರೋಪ್ಯಾಲಟೋಗ್ರಫಿ ಬೇಕು. ಅವರವರ ಬಾಯಿಯ ಅಳತೆಗೆ ಮಾಡಿದ ತೆಳು ಅಂಗುಳ, ಅದರಲ್ಲಿ ಎಲೆಕ್ಟ್ರೋಡುಗಳು. ಬ್ರಿಟನ್ನಿನ ರೆಡಿಂಗ್‌ನಲ್ಲಿ ರೂಪಿಸಿದ ಹೆಸರಾದ ಮಾದರಿಯಲ್ಲಿ 62 ಇವೆ. ನಾಲಿಗೆ ತಾಗಿದ ಚುಕ್ಕೆಗಳು ತಾಗಿದಂತೆಲ್ಲ ತೆರೆಯ ಮೇಲೆ ಬರುತ್ತವೆ. ನಾವು ಅದರ ವಿಡಿಯೋ ಮಾತ್ರ ನೋಡಿದೆವು.

ಗುಂಪಿನಲ್ಲಿ ಒಬ್ಬ ಮಲಯಾಳಿ ಹುಡುಗನಿದ್ದ. ಅವನ ಬಾಯಿ ನಮಗೆಲ್ಲ ಹಬ್ಬ. ನಮಗೆ ತ ಮತ್ತು ಟ ಎರಡು. ಅವನಿಗೆ ಮೂರು. ಪತ್ತ್ ಎಂದರೆ ಹತ್ತು, ನಾಲಿಗೆ ಹಲ್ಲಿನಲ್ಲಿ. ಪಟ್ಟ್ ಎಂದರೆ ರೇಷ್ಮೆ, ನಾಲಿಗೆ ಮಡಿಸಿ. ಇವೆರಡರ ನಡುವೆ ಇನ್ನೊಂದು, ಹಿಡಿ, ಅಂಟಿಕೋ ಎಂಬ ಅರ್ಥದ ಪದದಲ್ಲಿ. ಅದರ ಗುರುತು ಸರಿಯಾಗಿ ಹಲ್ಲಿನ ಹಿಂದಿನ ಉಬ್ಬಿನ ಮೇಲೆ. ಇಂಗ್ಲಿಷರು ಟೀ ಎನ್ನುವಾಗ ನಾಲಿಗೆ ತಾಗುವುದೂ ಆ ಉಬ್ಬಿಗೇ. ಕನ್ನಡದಲ್ಲಿ ಆ ಜಾಗಕ್ಕೆ ಬೇರೆ ಅಕ್ಷರ ಇಲ್ಲದ್ದರಿಂದ ನಾವು ಅದನ್ನು ಹಿಂದಕ್ಕೆ ಎಳೆದು ಟ ಮಾಡಿಕೊಂಡಿದ್ದೇವೆ.

ಅವನು ಮೞ ಎಂದ. ಮಳೆ ಎಂದರ್ಥ. ನಮ್ಮ ಹಳಗನ್ನಡದಲ್ಲೂ ಅದು ಮೞೆಯೇ. ಅವನ ಫೋಟೋದಲ್ಲಿ ಅಡ್ಡಪಟ್ಟಿ ಇಲ್ಲ. ಹಿಂದಿನ ಹಲ್ಲುಗಳ ಪಕ್ಕದಲ್ಲಿ ಮಾತ್ರ ಒಂದಿಷ್ಟು ಕಪ್ಪು, ನಡುವೆ ದಾರಿ ತೆರೆದೇ ಇದೆ. ನಾಲಿಗೆ ಮಡಿಸಿಕೊಂಡು ಅಂಗುಳದ ಹತ್ತಿರ ಹೋಗುತ್ತದೆ, ಆದರೆ ಮುಟ್ಟುವುದಿಲ್ಲ. ಅದರ ಪಕ್ಕದಲ್ಲಿ ನನ್ನ ಹಳ್ಳದ ಫೋಟೋ, ಪಟ್ಟಿ ಸ್ಪಷ್ಟ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಕುಳಿತು ಪಟ್ಟಿ ಮಾಡಿದ್ದಾನೆ. ಅವನ ಕಾಲಕ್ಕೆ ಆ ಅಕ್ಷರ ಜನರ ಬಾಯಿಂದ ಜಾರುತ್ತಿತ್ತು. ಕೋೞಿ ಕೋಳಿಯಾಯಿತು, ಏೞು ಏಳಾಯಿತು. ಕನ್ನಡದಿಂದ ಹೋದ ಆ ಧ್ವನಿಯ ಗುರುತನ್ನು ನೆರೆಯ ಭಾಷೆಯವನ ಅಂಗುಳದಲ್ಲಿ ನೋಡಿದ್ದು ನನಗೆ ದೊಡ್ಡ ಸಂತೋಷ. ಆ ಫೋಟೋ ಕೇಳಿ ತೆಗೆದುಕೊಂಡು ಬಂದಿದ್ದೇನೆ.

ತರಗತಿ ಮತ್ತೆ ಶುರುವಾದಾಗ ಳ ಪಾಠವನ್ನೇ ಬದಲಾಯಿಸಿದೆ. ಹಿಂದಿಯವರಿಗೆ ಟ, ಡ ಇವೆಯಲ್ಲ, ಹಾಗಾದರೆ ಳ ಯಾಕೆ ಕಷ್ಟ? ಪೀಟರ್ ಲ್ಯಾಡೆಫೋಗೆಡ್ ಮತ್ತು ಪೇರಿ ಭಾಸ್ಕರರಾವ್ ಎಂಬ ಧ್ವನಿಶಾಸ್ತ್ರಜ್ಞರು 1983ರಲ್ಲಿ ಹಿಂದಿ, ತಮಿಳು, ತೆಲುಗು ಮಾತಾಡುವವರ ಎಕ್ಸ್‌ರೇ ಹೋಲಿಸಿ ಬರೆದಿದ್ದರು. ಹಿಂದಿಯವರ ಟಕಾರದಲ್ಲಿ ನಾಲಿಗೆಯ ತುದಿ ಹಲ್ಲಿನ ಹಿಂದಿನ ಉಬ್ಬಿನ ಆಚೆಗೆ ತಾಗುತ್ತದೆ. ತಮಿಳು, ತೆಲುಗಿನವರಲ್ಲಿ ತುದಿಯ ತಳಭಾಗ ಗಟ್ಟಿ ಅಂಗುಳಕ್ಕೆ ತಾಗುತ್ತದೆ. ಅಕ್ಷರ ಒಂದೇ, ನಾಲಿಗೆ ಮಾಡುವ ಕೆಲಸ ಬೇರೆ. ಹಾಗಾಗಿ ಹಿಂದಿಯವರಿಗೆ ಎರಡು ಹೆಜ್ಜೆ ಹೇಳುತ್ತೇನೆ. ಮೊದಲು ಅಡ್ಡ ಎಂದು ಶುರುಮಾಡಿ ಡ ಹತ್ತಿರ ನಿಲ್ಲಿಸಿ. ಅಲ್ಲಿಂದ ತುದಿಯನ್ನು ಅಂಗುಳದ ಮೇಲೆಯೇ ಇನ್ನಷ್ಟು ಹಿಂದಕ್ಕೆ ಜಾರಿಸಿ, ತಳ ತಾಗುವವರೆಗೆ. ಎರಡನೆಯದು, ತುದಿ ಬಿಡದೆ ನಾಲಿಗೆಯ ಪಕ್ಕಗಳನ್ನು ಮಾತ್ರ ಸಡಿಲಿಸಿ ದನಿ ಕೊಡಿ. ಪಕ್ಕ ಸಡಿಲವಾಗಿದೆಯೇ ಎಂದು ನೋಡಲು ತಣ್ಣನೆಯ ಗಾಳಿಯ ಉಪಾಯ ಇದ್ದೇ ಇದೆ. ಬಿಹಾರದ ಒಬ್ಬ ಹುಡುಗ ಹೀಗೆ ಮಾಡುತ್ತಾ ಮಾಡುತ್ತಾ 'ಹಳ್ಳ' ಎಂದ. ಅವನ ಪಕ್ಕದಲ್ಲಿ ಕೂತಿದ್ದವಳು 'ಆಯ್ತು ಭಯ್ಯಾ, ಬಂತು!' ಎಂದು ಕೂಗಿದಳು. ಅಷ್ಟೊತ್ತು ಅವನಿಗಿಂತ ಜಾಸ್ತಿ ಗಮನ ಕೊಟ್ಟು ಕೇಳುತ್ತಿದ್ದವಳು ಅವಳೇ.

ಅಸ್ಸಾಮಿ ಮನೆಮಾತಿನವಳೊಬ್ಬಳ ಕಷ್ಟ ಬೇರೆ. ಅಸ್ಸಾಮಿಯಲ್ಲಿ ಬರೆಯುವಾಗ ತ, ಟ ಎರಡೂ ಇವೆ, ಆದರೆ ಮಾತಿನಲ್ಲಿ ಅವೆರಡೂ ಬೆರೆತು ಹಲ್ಲಿನ ಹಿಂದಿನ ಉಬ್ಬಿನಲ್ಲಿ ಒಂದೇ ಆಗಿವೆ. ಅವಳಿಗೆ ಅತ್ತ ಮತ್ತು ಅಟ್ಟ ಕಿವಿಗೂ ಒಂದೇ. ಕೇಳಿಸಿಕೊಂಡು ಕಲಿ ಎಂದರೆ ಅನ್ಯಾಯ. ಕನ್ನಡಿ ಕೊಟ್ಟೆ. ತ ಹೇಳುವಾಗ ನಾಲಿಗೆಯ ತುದಿಯನ್ನು ಮೇಲಿನ, ಕೆಳಗಿನ ಹಲ್ಲಿನ ನಡುವೆ ಕಾಣುವಷ್ಟು ಮುಂದಕ್ಕೆ ತರಿಸಿದೆ. ಟ ಹೇಳುವಾಗ ನಾಲಿಗೆಯ ತಳ ಕನ್ನಡಿಯಲ್ಲಿ ಕಾಣಬೇಕು ಎಂದೆ. ಮೊದಲು ನಾಲಿಗೆ ಕಲಿತಿತು, ಕಿವಿ ಅದರ ಹಿಂದೆ ಬಂತು. ಈಗ ತಟ್ಟೆ ಎನ್ನುವಾಗ ಎರಡೂ ಬೇರೆಯಾಗಿಯೇ ಬರುತ್ತವೆ.

ಣ ಇನ್ನೂ ಕೆಲವರಿಗೆ ಹಿಡಿತಕ್ಕೆ ಬಂದಿಲ್ಲ. ಬಂಗಾಳಿಯವರಿಗೆ ಅದು ಬರವಣಿಗೆಯಲ್ಲಿ ಮಾತ್ರ ಇರುವ ಅಕ್ಷರ, ಬಾಯಲ್ಲಿ ನ ಆಗಿಯೇ ಬರುತ್ತದೆ. ಅವರಿಗೆ ಈಗ ಅಂಟು, ಗಂಟು, ಎಂಟು ಹೇಳಿಸುತ್ತಿದ್ದೇನೆ. ಟ ಮುಂದಿದ್ದರೆ ನಾಲಿಗೆ ತಾನಾಗಿಯೇ ಣ ಜಾಗಕ್ಕೆ ಹೋಗುತ್ತದೆ. ಅಲ್ಲಿ ನಿಂತು ಮೂಗಿನಲ್ಲಿ ದನಿ ಎಳೆದು, ಟ ಹೇಳದೆ ನೇರ ಅ ಹೇಳಿದರೆ ಅಣ್ಣ ಬರುತ್ತದೆ. ಕಣ್ಣು, ಹಣ್ಣು, ಮಣ್ಣು ಮುಂದಿನ ವಾರಕ್ಕೆ.